ನೀರುಗಂಟಿ ಮರಿಸಿದ್ದಯ್ಯನ ಮೂರು ಹೊಂಡಗಳು

ಮರಿಸಿದ್ದಯ್ಯ ಮೊದಲ ದಿನ ನಮ್ಮ ಮನೆ ಬಾಗಿಲಲ್ಲಿ ನಿಂತು ಹೇಳಿದ್ದನ್ನು ನಾನು ಡೈರಿಯಲ್ಲಿ ಅವನ ಮಾತಿನಲ್ಲೇ ಬರೆದಿಟ್ಟಿದ್ದೇನೆ.

"ಅಮ್ಮಾವ್ರೆ, ಬರ್ಕಳಿ. ಒಂದ್ನೇ ಗುಂಡಿ ಬೂದಿ. ಎರಡ್ನೇದು ಗಿಣಿ. ಮೂರ್ನೇದು ಏನೂ ಇಲ್ಲ."

"ಏನೂ ಇಲ್ಲ ಅಂದರೆ? ನೀರಿಲ್ಲವೇ?" ಎಂದೆ.

"ನೀರು ಅದೆ. ಬಣ್ಣ ಇಲ್ಲ. ನೀರು ನೀರ್ನಂಗೇ ಅದೆ ಅಂತ ಬರ್ಕಳಿ."

ಅದು ಎಪ್ಪತ್ತೈದನೇ ಇಸವಿಯ ಜೂನ್ ತಿಂಗಳು. ನಾನು ಮದುವೆಯಾಗಿ ಹುಣಸೆಕೊಪ್ಪಲಿಗೆ ಬಂದು ಎರಡು ವರ್ಷವಾಗಿತ್ತು. ಕಿರುಗಾವಲಿನಿಂದ ಪೂರಿಗಾಲಿಗೆ ಹೋಗುವ ದಾರಿಯಲ್ಲಿ ಇಳಿದು ಒಂದು ಮೈಲಿ ನಡೆದರೆ ನಮ್ಮೂರು. ನಮ್ಮ ಯಜಮಾನರು ಅಲ್ಲಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಮಗಳು ಚೂಡಾಮಣಿಗೆ, ನಮ್ಮ ಚೂಡಿಗೆ, ಆಗ ಎಂಟು ತಿಂಗಳು. ಬೆಳಗ್ಗೆ ಅವಳಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯುವ ಹೊತ್ತಿಗೆ ಸರಿಯಾಗಿ ಮರಿಸಿದ್ದಯ್ಯ ಬರುತ್ತಿದ್ದ. ತುಳಸಿಕಟ್ಟೆಯಿಂದ ಆಚೆ ನಿಂತು ಮೂರು ಹೊಂಡಗಳ ಬಣ್ಣ, ವಾಸನೆ, ಕೋಲಿನಲ್ಲಿ ಅಳೆದ ಆಳ ಹೇಳುತ್ತಿದ್ದ. ನಾನು ಕೈ ಒರೆಸಿಕೊಂಡು, ಹೊಂಡ ತೋಡಿಸಿದ ಸರ್ಕಾರದ ಇಲಾಖೆಯವರು ಕೊಟ್ಟ ಪುಸ್ತಕದಲ್ಲಿ ಬರೆಯುತ್ತಿದ್ದೆ. ಅವನಿಗೆ ಓದು ಬರಹ ಬಾರದು. ಬರೆಯುವ ಕೆಲಸವನ್ನು ನಮ್ಮವರಿಗೆ ವಹಿಸಿದ್ದರು. ಅವರು ಆ ಹೊತ್ತಿಗೆ ಸ್ಕೂಲಿನ ಗಂಟೆ ಹೊಡೆಸಲು ಹೊರಟಿರುತ್ತಿದ್ದರು. ಹಾಗಾಗಿ ಪೆನ್ನು ನನ್ನ ಕೈಗೆ ಬಂತು.

ಮರಿಸಿದ್ದಯ್ಯ ಊರಿನ ನೀರುಗಂಟಿ. ಕೆರೆಯ ನೀರು, ನಾಲೆಯ ನೀರು ಯಾರ ಗದ್ದೆಗೆ ಯಾವಾಗ, ಎಷ್ಟು ಹೊತ್ತು ಎಂದು ಹಂಚುವ ಕೆಲಸ. ಅವನಪ್ಪನೂ ಅದನ್ನೇ ಮಾಡುತ್ತಿದ್ದನಂತೆ. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಅವನಿಗೆ ಇಷ್ಟು ಭತ್ತ ಎಂದು ಬರುತ್ತಿತ್ತು. ಸಣಕಲು ಆಳು, ಐವತ್ತು ದಾಟಿರಬಹುದು. ಮೊಣಕಾಲಿನಿಂದ ಕೆಳಗೆ ಯಾವಾಗಲೂ ಒಣಗಿದ ಕೆಸರು. ಹೆಗಲ ಮೇಲೆ ಗುದ್ದಲಿ. ಕೈಯಲ್ಲಿ ಗಡಿಯಾರವಿಲ್ಲ, ನೆರಳು ಎಲ್ಲಿಗೆ ಬಂತು ನೋಡಿ ಒಬ್ಬನ ತೂಬು ಮುಚ್ಚಿ ಇನ್ನೊಬ್ಬನದು ತೆಗೆಯುತ್ತಿದ್ದ. ಅವನ ಲೆಕ್ಕದ ಮೇಲೆ ಗದ್ದೆಯವರು ಜಗಳವಾಡಿದ್ದನ್ನು ನಾನು ಕೇಳಿಲ್ಲ.

ಅವನ ಮನೆ ತಗ್ಗಿನ ಬೀದಿಯಲ್ಲಿ. ಊರಿನ ನಮ್ಮ ಭಾಗ ದಿಬ್ಬದ ಮೇಲಿದೆ. ಎಪ್ಪತ್ತೆರಡರಲ್ಲಿ ಬೋರ್‌ವೆಲ್ ಕೊರೆಸಿ, ಟ್ಯಾಂಕು ಕಟ್ಟಿಸಿ, ದಿಬ್ಬದ ಬೀದಿಗಳಿಗೆ ನಲ್ಲಿ ಹಾಕಿದರು. ತಗ್ಗಿನ ಬೀದಿಗೆ ಪೈಪು ಬರುವಷ್ಟರಲ್ಲಿ ಮಂಜೂರಾದ ಪೈಪು ಮುಗಿದಿತ್ತು. ನಲ್ಲಿ ಬಂದ ಮೇಲೆ ನಮ್ಮ ಕಡೆ ನೀರಿನ ಬಳಕೆ ಹೆಚ್ಚಾಯಿತು. ಬಚ್ಚಲ ನೀರು, ಪಾತ್ರೆ ತೊಳೆದ ನೀರು, ಕೊಟ್ಟಿಗೆ ತೊಳೆದ ನೀರು, ಮೂರು ನಾಲ್ಕು ಮನೆಯ ಹೊಸ ಕಕ್ಕಸಿನ ನೀರು ಎಲ್ಲ ಚರಂಡಿಯಲ್ಲಿ ಇಳಿದು ಹೋಗಿ ತಗ್ಗಿನ ಬೀದಿಯ ಸೇದುವ ಬಾವಿಯ ಪಕ್ಕದಲ್ಲೇ ಮಡುಗಟ್ಟುತ್ತಿತ್ತು. ನಲ್ಲಿ ನಮಗೆ, ಚರಂಡಿ ಅವರಿಗೆ. ಆ ಮಾತನ್ನು ಆಗ ಯಾರೂ ಆಡಲಿಲ್ಲ; ನನಗೂ ಹೊಳೆಯಲಿಲ್ಲ.

ಎಪ್ಪತ್ನಾಲ್ಕರ ಮಳೆಗಾಲದಲ್ಲಿ ತಗ್ಗಿನ ಬೀದಿಯಲ್ಲಿ ವಾಂತಿಭೇದಿ ಬಂತು. ಒಂದೇ ತಿಂಗಳಲ್ಲಿ ನಾಲ್ಕು ಜನ ಹೋದರು. ಅದರಲ್ಲಿ ಮರಿಸಿದ್ದಯ್ಯನ ಹೆಂಡತಿ ಮರಿತಾಯಮ್ಮನೂ ಒಬ್ಬಳು. ಸಾಯಂಕಾಲ ಸೊಪ್ಪು ಬಿಡಿಸುತ್ತಿದ್ದವಳು ಮಾರನೇ ಮಧ್ಯಾಹ್ನಕ್ಕೆ ಇರಲಿಲ್ಲ. ಮಳವಳ್ಳಿಯಿಂದ ಬಂದ ಡಾಕ್ಟರು ಬಾವಿಗೆ ಔಷಧಿ ಪುಡಿ ಹಾಕಿಸಿ, ಮಡುವನ್ನು ತೋರಿಸಿ, "ಈ ನೀರು ಇಲ್ಲಿ ನಿಲ್ಲೋವರೆಗೂ ಪುಡಿ ಹಾಕಿ ಪ್ರಯೋಜನವಿಲ್ಲ" ಎಂದು ಹೇಳಿ ಹೋದರು.

ಆಮೇಲೆ ಇಲಾಖೆಯಿಂದ ರಾಮಾನುಜ ಎನ್ನುವ ಚಿಕ್ಕ ವಯಸ್ಸಿನ ಇಂಜಿನಿಯರು ಬಂದರು. ಸಣ್ಣ ಹಳ್ಳಿಗೆ ಯಂತ್ರವಿಲ್ಲದೆ, ಕರೆಂಟಿಲ್ಲದೆ ಕೊಳಚೆ ನೀರು ಶುದ್ಧಿಮಾಡುವ ಹೊಸ ಕ್ರಮವೊಂದಿದೆ, ನಿಮ್ಮೂರಿನಲ್ಲಿ ಮಾಡಿ ನೋಡುತ್ತೇವೆ ಎಂದರು. ಸ್ಕೂಲಿನ ಹಿಂದಿನ ಬಯಲಿನಲ್ಲಿ ಒಂದರ ಮುಂದೆ ಒಂದು ಮೂರು ಹೊಂಡ ತೋಡಿಸಿದರು. ಚರಂಡಿಯ ನೀರು ಮೊದಲನೆಯದಕ್ಕೆ ಬಂದು ಗಸಿ ತಳಕ್ಕೆ ಕೂರುತ್ತದೆ. ಎರಡನೆಯದು ಆಳವಿಲ್ಲ, ಅಗಲ ಜಾಸ್ತಿ. ಅಲ್ಲಿ ಬಿಸಿಲಿಗೆ ಹಸಿರು ಬೆಳೆಯುತ್ತದೆ. ಆ ಹಸಿರು ನೀರಿಗೆ ಉಸಿರು ಕೊಡುತ್ತದೆ, ಕಣ್ಣಿಗೆ ಕಾಣದ ಜೀವಗಳು ಆ ಉಸಿರು ತಗೊಂಡು ಹೊಲಸನ್ನು ತಿನ್ನುತ್ತವೆ. ಮೂರನೆಯದರಲ್ಲಿ ನೀರು ಸುಮ್ಮನೆ ಕೂತು ತಿಳಿಯಾಗುತ್ತದೆ. ಎಲ್ಲ ಸೇರಿ ಇಪ್ಪತ್ತು ದಿನ. ಆಮೇಲೆ ಗದ್ದೆಗೆ ಬಿಡಬಹುದು. ಬಾವಿಯ ಕಡೆ ಹೋಗುತ್ತಿದ್ದ ಹಳೇ ಕಾಲುವೆಯ ಬಾಯನ್ನು ಜೇಡಿಮಣ್ಣು ಮೆತ್ತಿ ಮುಚ್ಚಿದರು. ಮೆತ್ತಿದವನು ಮರಿಸಿದ್ದಯ್ಯನೇ. ಇಂಜಿನಿಯರು ಕೇಳುವ ಮೊದಲೇ "ಇದ ನಾನು ನೋಡ್ಕತೀನಿ ಬುಡಿ ಸೋಮಿ" ಎಂದಿದ್ದನಂತೆ.

ಆದರೆ ಮೊದಲು ಅವನಿಗೆ ಅದು ಒಗ್ಗಲೇ ಇಲ್ಲ. ಹುಟ್ಟಿದಾಗಿನಿಂದ ನೀರನ್ನು ಓಡಿಸಿದವನು. ಇಪ್ಪತ್ತು ದಿನ ಹಿಡಿದಿಡು ಎಂದರೆ ಕೈ ಕೇಳಬೇಕಲ್ಲ! ಐದನೇ ದಿನಕ್ಕೇ ತೂಬು ತೆಗೆದುಬಿಟ್ಟ. ಇಂಜಿನಿಯರು ಬಂದು ನೋಡಿ ತಲೆ ಮೇಲೆ ಕೈ ಇಟ್ಟುಕೊಂಡರು.

"ಯಾಕಪ್ಪ ಬಿಟ್ಟೆ?"

"ನಿಂತ ನೀರು ನೋಡಕ್ಕಾಗಲ್ಲ ಸೋಮಿ. ಕಟ್ಟಾಕಿದ್ ದನ ನೋಡ್ದಂಗಾಯ್ತದೆ."

ರಾಮಾನುಜ ಅವರು ಬೈಯಲಿಲ್ಲ. ಅವನನ್ನು ಬದುವಿನ ಮೇಲೆ ಕೂರಿಸಿಕೊಂಡು ಬೆಳಗ್ಗೆಯಿಂದ ಸಂಜೆಯವರೆಗೆ ಎರಡನೇ ಹೊಂಡ ನೋಡಿಸಿದರು. ಬಿಸಿಲು ಏರಿದಂತೆ ಹಸಿರಿನೊಳಗಿಂದ ಸಣ್ಣ ಸಣ್ಣ ಗುಳ್ಳೆ ಏಳುವುದು, ಮೋಡ ಕವಿದಾಗ ನಿಲ್ಲುವುದು. "ಈ ಹಸಿರೇ ಇಲ್ಲಿ ಕೆಲಸ ಮಾಡೋ ಆಳು. ಇದನ್ನ ಮುಟ್ಟಬೇಡ, ತೆಗೀಬೇಡ, ಕಾಯಿ" ಎಂದರು. ಅವತ್ತಿನಿಂದ ಮರಿಸಿದ್ದಯ್ಯ ತೂಬು ಮುಟ್ಟಲಿಲ್ಲ.

ಅವನು ಹೇಳುವ ಹಸಿರುಗಳಿಗೆ ಲೆಕ್ಕವಿರಲಿಲ್ಲ. ಗಿಣಿ ಹಸಿರು, ನುಗ್ಗೆಸೊಪ್ಪಿನ ಹಸಿರು, ಎಳೇ ಹುಣಸೆಚಿಗುರು, ಹಳೇ ತಾಮ್ರದ ಕಿಲುಬು. ಗಿಣಿ ಎಂದರೆ ಹೊಂಡ ಚೆನ್ನಾಗಿದೆ. ಕಿಲುಬು ಎಂದರೆ ಮೊದಲ ಹೊಂಡದಿಂದ ನೀರು ಜಾಸ್ತಿ ಬರುತ್ತಿದೆ, ಸ್ವಲ್ಪ ತಡೆಯಬೇಕು. ಇಲಾಖೆಯ ಪುಸ್ತಕದಲ್ಲಿ ಬಣ್ಣ ಬರೆಯಲು ಒಂದು ಬೆರಳಿನಷ್ಟು ಜಾಗ ಮಾತ್ರ ಇತ್ತು. ನಾನು ಅಂಚಿನಲ್ಲೆಲ್ಲ ಬರೆದು ತುಂಬಿಸಿದೆ. ಒಂದು ದಿನ ಬಣ್ಣ ಹೇಳಿದ ಮೇಲೂ ಹೋಗದೆ ನಿಂತಿದ್ದ.

"ಇನ್ನೇನು ಮರಿಸಿದ್ದಯ್ಯ?"

"ಮೂರ್ನೇದ್ರಲ್ಲಿ ಮೀನ್ಮರಿ ಬಂದವೆ ಅಮ್ಮಾವ್ರೆ. ನಾನು ಬುಟ್ಟಿಲ್ಲ. ಅವೇ ಬಂದವೆ. ಅದ್ನೂ ಬರ್ಕಳಿ."

ಊರಿನವರು ಅವನನ್ನು ಆಡಿಕೊಳ್ಳುತ್ತಿದ್ದರು. ನಲ್ಲಿಯ ಹತ್ತಿರ ಒಬ್ಬ, "ಏನ್ಲಾ ಸಿದ್ದಯ್ಯ, ನಮ್ಮನೆ ಬಚ್ಚಲ ನೀರು ಇವತ್ತು ಎಂಗದೆ, ಮೈಗೀಯ್ ಉಸಾರಾಗದಾ?" ಎಂದರೆ, ಇವನು ನಗದೆ, "ನಿಮ್ಮನೇದು ಸೀಗೇಕಾಯಿ ಜಾಸ್ತಿ ಕಣ್ಲಾ. ನಿನ್ನೆಂಡ್ರು ತಲೆಗೆ ಉಯ್ಕಳದು ವಾರಕ್ಕೊಂದ್ ದಪ ಸಾಕು ಅಂತ ಏಳು" ಎನ್ನುತ್ತಿದ್ದ.

ಆ ವರ್ಷದ ಮಳೆಗಾಲದಲ್ಲಿ ತಗ್ಗಿನ ಬೀದಿಯಲ್ಲಿ ಒಬ್ಬರಿಗೂ ಭೇದಿಯಾಗಲಿಲ್ಲ. ಬಾವಿಯ ನೀರನ್ನು ಬಾಟಲಿಯಲ್ಲಿ ತಗೊಂಡು ಹೋಗಿ ಪರೀಕ್ಷೆ ಮಾಡಿಸಿ, ಕುಡಿಯಬಹುದು ಎಂದು ಚೀಟಿ ಕಳಿಸಿದರು. ಅದನ್ನು ನನ್ನ ಹತ್ತಿರ ಎರಡು ಸಲ ಓದಿಸಿಕೊಂಡ. ಎರಡನೇ ಸಲ ಓದಿದ ಮೇಲೆ, "ಒಂದೊರ್ಸ ಮುಂಚೆ ತೋಡಿದ್ರೆ ಅವ್ಳಿರವ್ಳು" ಎಂದ. ಅಷ್ಟೇ. ನಾನು ಮಗುವಿನ ಕಿವಿ ಒರೆಸುತ್ತಾ ಕೂತಿದ್ದೆ.

ಎಪ್ಪತ್ತಾರರ ಯುಗಾದಿಯ ಹೊತ್ತಿಗೆ ರಾಮಾನುಜ ಅವರಿಗೆ ರಾಯಚೂರು ಕಡೆಗೆ ವರ್ಗವಾಯಿತು. ಅದಾಗಿ ಎರಡು ವಾರಕ್ಕೆ ಕಾಗದ ಬಂತು: ಮೇಲಿನ ಸಾಹೇಬರು ಏಪ್ರಿಲ್ ಹದಿನೆಂಟಕ್ಕೆ ಹೊಂಡಗಳನ್ನು ನೋಡಲು ಬರುತ್ತಾರೆ. ಎಮರ್ಜೆನ್ಸಿಯ ಆ ವರ್ಷ ಸಾಹೇಬರು ಬರುತ್ತಾರೆ ಎಂದರೆ ಎಲ್ಲರಿಗೂ ನಡುಕ. ಸರಿಯಾಗಿ ಅದೇ ವಾರ ಮರಿಸಿದ್ದಯ್ಯನ ಮಗಳು ಬೆಳ್ಳಮ್ಮನಿಗೆ ಪೂರಿಗಾಲಿಯಲ್ಲಿ ಹೆರಿಗೆ. ತಾಯಿಯಿಲ್ಲದ ಮನೆಗೆ ಬಾಣಂತನಕ್ಕೆ ಕರೆತರುವ ಹಾಗಿಲ್ಲ, ಅತ್ತೆ ಮನೆಯಲ್ಲೇ ಇದ್ದಳು. ಇವನು ಒಂದು ಹಳೇ ಸೀರೆ, ಬೆಲ್ಲ, ಒಂದು ಕೋಳಿ ಹಿಡಿದು ಹೊರಟ. ಹೋಗುವಾಗ ಬಂದು ಹೇಳಿದ:

"ನಾಕು ದಿನ ಕಣಮ್ಮ. ಸಾಯೇಬ್ರು ಬರೋವೊತ್ಗೆ ಬತ್ತೀನಿ. ಬಣ್ಣ ನೀವೇ ನೋಡಿ ಬರ್ಕಳಿ. ಯಾರೂ ಏನೂ ಮುಟ್ಟದು ಬ್ಯಾಡ."

"ನಾನು ನೋಡಿಕೊಳ್ತೀನಿ, ಹೋಗಿ ಬಾ" ಎಂದೆ. ಎಷ್ಟು ಸುಲಭವಾಗಿ ಹೇಳಿದೆ!

ನಮ್ಮೂರಿನಲ್ಲಿ ಒಂದು ಪದ್ಧತಿ ಇದೆ. ದೊಡ್ಡವರು ಬರುತ್ತಾರೆಂದರೆ, ಹಬ್ಬ ಬಂತೆಂದರೆ, ಮನೆಗೊಂದಾಳು ಬಂದು ಗುಡಿಯ ಹತ್ತಿರದ ಕಲ್ಯಾಣಿಯ ನೀರು ಬಸಿದು, ಪಾಚಿ ಕೆರೆದು, ಮೆಟ್ಟಿಲಿಗೆ ಸುಣ್ಣ ಕೆಮ್ಮಣ್ಣು ಬಳಿಯುತ್ತಾರೆ. ಯಾರೂ ಕರೆಯಬೇಕಾಗಿಲ್ಲ, ತಮಟೆ ಬಡಿದರೆ ಸಾಕು. ಹದಿನೈದನೇ ತಾರೀಖು ಸಂಜೆ ತಮಟೆ ಬಡಿದರು. ಪಂಚಾಯಿತಿ ಛೇರ್ಮನ್ ಚಿಕ್ಕಣ್ಣ ನಮ್ಮ ಮನೆಗೆ ಬಂದು, ಸ್ಕೂಲಿನ ಹುಡುಗರನ್ನೂ ಕಳಿಸಿ, ಹೊಂಡ ಚೊಕ್ಕ ಮಾಡಬೇಕು ಎಂದ. ಕೆಟ್ಟ ಮನುಷ್ಯನಲ್ಲ. ನಲ್ಲಿಗಾಗಿ, ಹೊಂಡಕ್ಕಾಗಿ ಮಂಡ್ಯಕ್ಕೆ ಹತ್ತು ಸಲ ಅಲೆದವನು ಅವನೇ.

ನಾನು ನಡುಮನೆಯ ಬಾಗಿಲಿನಿಂದಲೇ ಹೇಳಿದೆ: "ಅದರ ಹಸಿರು ತೆಗೆಯಬಾರದಂತೆ ಚಿಕ್ಕಣ್ಣನವರೇ. ಇಂಜಿನಿಯರು ಹೇಳಿದ್ದಾರೆ. ಆ ಹಸಿರೇ ನೀರು ಶುದ್ಧ ಮಾಡೋದು."

ಚಿಕ್ಕಣ್ಣ ನಕ್ಕ. "ಅಮ್ಮಾವ್ರೆ, ಪಾಚಿ ನೀರ ಸುದ್ಧ ಮಾಡ್ತದೆ ಅಂದ್ರೆ ನಾವ್ಯಾಕೆ ತಲತಲಾಂತರದಿಂದ ಕಲ್ಯಾಣಿ ಕೆರೀತಿದ್ವು? ಸಾಯೇಬ್ರು ಬಂದು ಪಾಚಿ ಕಂಡ್ರೆ ಏನಂದಾರು? ಸರ್ಕಾರದ ಕೆಲಸ ಮಾಡ್ಸಿ ಇಂಗ ಮಡೀಕಂಡಿದ್ದೀರಾ ಅನ್ನಾಕಿಲ್ವಾ? ನನ್ನ ತಾನೇ ಕೇಳದು."

"ಪುಸ್ತಕದಲ್ಲಿ ಎಲ್ಲ ಬರೆದಿದೆ. ತೋರಿಸ್ತೀನಿ."

"ನೀವು ಬರ್ದಿರದು ತಾನೇ? ಸಿದ್ದಯ್ಯ ಏಳಿದ್ದು, ನೀವು ಬರ್ದಿದ್ದು. ಆಯ್ತು ಬುಡಿ. ಮೇಷ್ಟ್ರೇ, ಬೆಳಿಗ್ಗೆ ಉಡುಗ್ರು."

ಅವನು ಹೋದ ಮೇಲೆ ನಾನು ನಮ್ಮವರನ್ನು ಹಿಡಿದುಕೊಂಡೆ. ಅವರು, "ನೀನು ಹೇಳೋದು ಸರಿ. ಆದರೆ ಕಾಲ ಹೇಗಿದೆ ಗೊತ್ತಲ್ಲ. ಬೇಡ ಅಂತ ನಾನು ನಿಂತರೆ ಸಾಹೇಬರ ಹತ್ತಿರ ಮೇಷ್ಟ್ರು ಅಡ್ಡ ಬಂದ ಅಂತ ದೂರು ಹೋಗುತ್ತೆ. ಕೂಸು ಕಟ್ಟಿಕೊಂಡು ಎಲ್ಲಿಗೆ ವರ್ಗ ಮಾಡಿಸಿಕೊಂಡು ಹೋಗೋದು?" ಎಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ನನಗೂ ಅದೇ ಭಯವಿತ್ತು.

ಬೆಳಗ್ಗೆ ಮೊದಲ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಚೀಟಿ ಕೊಟ್ಟು ಪೂರಿಗಾಲಿಯಲ್ಲಿ ಮರಿಸಿದ್ದಯ್ಯನಿಗೆ ತಲುಪಿಸಲು ಹೇಳಿ ಕಳಿಸಿದೆ. ನಾನು ತಿರುಗಿ ಬರುವಷ್ಟರಲ್ಲಿ ಬಯಲಿನಲ್ಲಿ ಐವತ್ತು ಜನ ಸೇರಿದ್ದರು.

ಅವರು ಕೆಲಸ ಮಾಡಿದ ರೀತಿ ನೋಡಿದರೆ ಬೈಯಲು ಬಾಯಿ ಬರುತ್ತಿರಲಿಲ್ಲ. ತೂಬು ಒಡೆದು ಮೂರು ಹೊಂಡದ ನೀರನ್ನೂ ಕಬ್ಬಿನ ಗದ್ದೆಗಳಿಗೆ ಬಿಟ್ಟರು. ಹಸಿರನ್ನು ಮಂಕರಿಯಲ್ಲಿ ತುಂಬಿ ತಿಪ್ಪೆಗೆ ಹೊತ್ತರು. ತಳವನ್ನು ಸಲಿಕೆಯಿಂದ ಕೆರೆದು, ತೆಂಗಿನ ಪೊರಕೆಯಿಂದ ಗುಡಿಸಿ, ಬಾವಿಗೆಂದು ಡಾಕ್ಟರು ಕೊಟ್ಟಿದ್ದ ಔಷಧಿ ಪುಡಿಯನ್ನು ಒಂದು ಹಿಡಿಯೂ ಉಳಿಸದೆ ಕೈಯಲ್ಲಿ ಎರಚಿದರು. ಮೀನ್ಮರಿಗಳನ್ನು ಹುಡುಗರು ಲಂಗೋಟಿಯಲ್ಲಿ ಹಿಡಿದುಕೊಂಡು ಓಡಿದರು. ಬದುವಿನ ಕಲ್ಲುಗಳಿಗೆ ಒಂದು ಸುಣ್ಣ, ಒಂದು ಕೆಮ್ಮಣ್ಣು. ತಗ್ಗಿನ ಬೀದಿಯವರೂ ಇದ್ದರು. ಅವರ ಬಾವಿಯನ್ನು ಕಾಯುತ್ತಿದ್ದುದನ್ನೇ ಅವರು ನಗುನಗುತ್ತಾ ಕೆರೆದು ಹಾಕುತ್ತಿದ್ದರು. ಮಧ್ಯಾಹ್ನ ಹೆಂಗಸರು ಬಂದು, "ಅಮ್ಮಾವ್ರೆ, ನಿಮ್ ರಂಗೋಲಿ ಚಂದ, ಬದಿನ್ ಮೇಲೆ ಒಂದು ಬುಟ್ಕೊಡಿ" ಎಂದು ಕರೆದರು. ಇಲ್ಲ ಎನ್ನಲು ಆಗಲಿಲ್ಲ. ಚೂಡಿಯನ್ನು ಒಬ್ಬರ ಕೈಗೆ ಕೊಟ್ಟು ಎಂಟು ದಳದ ಕಮಲ ಬಿಟ್ಟೆ. ಅದನ್ನು ಡೈರಿಯಲ್ಲಿ ಬರೆಯಲು ಒಂದು ವಾರ ಬೇಕಾಯಿತು.

ಸಾಹೇಬರು ಹದಿನೆಂಟಕ್ಕೆ ಬಂದರು. ಜೀಪಿನಿಂದ ಇಳಿದು ಐದು ನಿಮಿಷ ನಿಂತರು. ಆಗತಾನೆ ಒಂದಡಿ ನೀರು ಬಂದಿದ್ದ ಮೊದಲ ಹೊಂಡ ನೋಡಿ, "ಇಷ್ಟು ಕ್ಲೀನಾಗಿ ಎಲ್ಲೂ ನೋಡಿಲ್ಲ" ಎಂದರು. ಚಿಕ್ಕಣ್ಣನ ಜೊತೆ ಫೋಟೋ ತೆಗೆಸಿಕೊಂಡರು. ನಾನು ಸೆರಗಿನಲ್ಲಿ ಇಟ್ಟುಕೊಂಡು ಹೋಗಿದ್ದ ಪುಸ್ತಕವನ್ನು ಯಾರೂ ಕೇಳಲಿಲ್ಲ.

ಜೀಪಿನ ಧೂಳು ಇನ್ನೂ ಕೂತಿರಲಿಲ್ಲ, ಮರಿಸಿದ್ದಯ್ಯ ಬಂದ. ಚೀಟಿ ಅವನ ಕೈ ಸೇರಿದ್ದು ಹಿಂದಿನ ರಾತ್ರಿಯಂತೆ. ಓದಿ ಹೇಳುವವರು ಸಿಕ್ಕಿದ್ದು ಬೆಳಗ್ಗೆ. ಬದುವಿನ ಮೇಲೆ ನಿಂತು ಮೂರು ಹೊಂಡವನ್ನೂ ಒಂದೊಂದಾಗಿ ನೋಡಿದ. ಚಿಕ್ಕಣ್ಣ ಉತ್ಸಾಹದಿಂದ, "ನೋಡ್ಲಾ, ನೀನಿಲ್ದೇಯ ಎಂಗ್ ಮಾಡಿದ್ದೀವಿ! ಮೊಮ್ಮಗ ಏನಾಯ್ತು, ಗಂಡೋ ಎಣ್ಣೋ?" ಎಂದ.

"ಎಣ್ಣು" ಎಂದ ಮರಿಸಿದ್ದಯ್ಯ. ತಗ್ಗಿಗೆ ಇಳಿದು ಮೂರನೇ ಹೊಂಡದ ತಳದ ಮಣ್ಣನ್ನು ಹಿಡಿಯಲ್ಲಿ ಎತ್ತಿ ಮೂಸಿದ. ಪುಡಿಯ ಘಾಟು. "ಎಲ್ಲ ಸತ್ತೋದ್ವಲ್ಲೋ ಚಿಕ್ಕಣ್ಣ" ಎಂದ.

"ಏನ್ ಸತ್ತೋದ್ವು?"

"ಆಳುಗಳು."

ಚಿಕ್ಕಣ್ಣನಿಗೆ ಅರ್ಥವಾಗಲಿಲ್ಲ. ಮರಿಸಿದ್ದಯ್ಯ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಏನು ಹೇಳಬೇಕೆಂದು ಯೋಚಿಸಿಟ್ಟುಕೊಂಡಿದ್ದೆ. ಹೇಳುವ ಅವಕಾಶ ಬರಲಿಲ್ಲ.

ಹೊಸದಾಗಿ ಬಂದ ಚರಂಡಿ ನೀರು ನಾಲ್ಕೇ ದಿನಕ್ಕೆ ಕಪ್ಪಾಯಿತು. ಏಳನೇ ದಿನಕ್ಕೆ ನಮ್ಮ ಅಡಿಗೆಮನೆಯವರೆಗೂ ವಾಸನೆ. ಕೊಳೆತ ಮೊಟ್ಟೆಯ ವಾಸನೆ. ಮಗು ಊಟ ಮಾಡದೆ ಮುಖ ತಿರುಗಿಸುತ್ತಿತ್ತು. ಹೊಂಡದ ಹತ್ತಿರ ಮೂಗು ಮುಚ್ಚಿಕೊಂಡು ಹೋಗುವವರು ಮರಿಸಿದ್ದಯ್ಯನಿಗೇ, "ಏನಯ್ಯ, ಸಾಯೇಬ್ರು ಬಂದಾಗ ಘಂ ಅಂತಿತ್ತು, ನೀನ್ ಬಂದ್ ಮ್ಯಾಲೆ ನಾರ್ತದಲ್ಲ!" ಎಂದರು. ಅವನು ಬೆಳಗ್ಗೆ ಬಂದು, "ಮೂರೂ ಮಸಿ ಕಣಮ್ಮ" ಎಂದು ಹೇಳಿ ತಿರುಗುತ್ತಿದ್ದ.

ಒಂದು ದಿನ ನಾನು ಹಾಲಿಗೆ ಹೆಪ್ಪು ಹಾಕುತ್ತಾ ಕೂತಿದ್ದಾಗ ಅವನು ಬಂದ. ಕೈ ಅಲ್ಲಿಗೇ ನಿಂತಿತು.

"ಮರಿಸಿದ್ದಯ್ಯ, ಹೆಪ್ಪಿಲ್ಲದೆ ಹಾಲು ಮೊಸರಾಗೋಲ್ಲ. ಎಲ್ಲಾದರೂ ಹಸಿರು ನೀರು ಉಳಿದಿದ್ದರೆ ಒಂದಿಷ್ಟು ತಂದು ಹಾಕಿ ನೋಡಬಹುದಲ್ಲವೇ?"

ಅವನು ಗುದ್ದಲಿಯನ್ನು ಕೆಳಗಿಟ್ಟ. "ಕೆರೆ ಬತ್ತೋಗದೆ. ಕಲ್ಯಾಣಿ ತಳದಲ್ಲಿ ಒಂದ್ ನಾಕು ಬಿಂದ್ಗೆ ಇರಬೋದು. ಈ ಸಲ ಅದ ಕೆರ್ದಿಲ್ಲ, ಆಳೆಲ್ಲ ಇಲ್ಲಿತ್ತಲ್ಲ." ಅವತ್ತು ಅವನ ಮುಖದಲ್ಲಿ ಸ್ವಲ್ಪ ನಗೆ ಕಂಡಿತು.

ಸೀಮೆಎಣ್ಣೆ ಡಬ್ಬಗಳನ್ನು ತೊಳೆದು ಅಡ್ಡೆಯ ಎರಡು ತುದಿಗೆ ಕಟ್ಟಿಕೊಂಡು ಎರಡು ದಿನ ಹೊತ್ತ. ಎರಡನೇ ಹೊಂಡದ ಒಂದು ಮೂಲೆಗೆ ಮಣ್ಣಿನ ಸಣ್ಣ ಬದು ಕಟ್ಟಿ, ಅಷ್ಟರಲ್ಲೇ ಹಸಿರು ನೀರು ಬಿಟ್ಟು, ಮೊದಲ ಹೊಂಡದಿಂದ ದಿನಕ್ಕೆ ನಾಲ್ಕು ಡಬ್ಬ ಕಪ್ಪು ನೀರು ಮಾತ್ರ ಉಣಿಸಿದ. ಕೂಸಿಗೆ ಗುಟುಕು ಹಾಕಿದ ಹಾಗೆ. ಆದರೆ ಊರಿನ ಬಚ್ಚಲುಗಳು ನಿಲ್ಲುತ್ತವೆಯೇ? ಮೊದಲ ಹೊಂಡ ದಿನದಿನವೂ ಏರುತ್ತಿತ್ತು. ಚಿಕ್ಕಣ್ಣನ ಹತ್ತಿರ ಹೋಗಿ, ಇಪ್ಪತ್ತು ದಿನ ಕೊಟ್ಟಿಗೆ ತೊಳೆಯುವ ನೀರನ್ನಾದರೂ ತಿಪ್ಪೆಗೆ ಬಿಡುವಂತೆ ಹೇಳಿಸಿ ಎಂದು ಕೇಳಿದ.

"ನಾಳೆ ಮೈ ತೊಳ್ಕಬ್ಯಾಡಿ ಅಂತೀಯ. ಓಗ್ಲಾ" ಎಂದ ಚಿಕ್ಕಣ್ಣ.

ನಾನು ನಮ್ಮ ಮನೆಯ ನೀರನ್ನು ಹಿತ್ತಿಲ ಬಾಳೆಗೆ ತಿರುಗಿಸಿದೆ. ಅಕ್ಕಪಕ್ಕದ ಇಬ್ಬರಿಗೆ ಹೇಳಿದೆ, ಒಬ್ಬರು ಕೇಳಿದರು. ನೂರಿಪ್ಪತ್ತು ಮನೆಗಳಲ್ಲಿ ಎರಡು ಮನೆ.

ಎಂಟನೇ ದಿನ ಆ ಮೂಲೆಯಲ್ಲಿ ಬಣ್ಣ ಕಂಡಿತು. ನನ್ನನ್ನೇ ಕರೆದುಕೊಂಡು ಹೋಗಿ ತೋರಿಸಿದ. ಅಂಗೈಯಲ್ಲಿ ನೀರೆತ್ತಿ ಬಿಸಿಲಿಗೆ ಹಿಡಿದರೆ, ನುಗ್ಗೆಸೊಪ್ಪು ತೊಳೆದ ನೀರಿನಷ್ಟು ತೆಳು ಹಸಿರು.

"ಇನ್ನೊಂದತ್ತು ದಿನ. ಮಳೆ ಒಂದು ತಡೀಬೇಕು" ಎಂದ.

ಮಾರನೇ ದಿನವೇ ಭರಣಿ ಮಳೆ ಬಂತು. ಮಧ್ಯಾಹ್ನ ಮೂರಕ್ಕೆ ಮೋಡ ಕಟ್ಟಿ, ಆಲಿಕಲ್ಲು ಬಿದ್ದು, ಆಮೇಲೆ ಎರಡು ಗಂಟೆ ಹೊತ್ತು ಸುರಿಯಿತು. ಗಾಳಿಗೆ ದಾರಿಯ ಮೇಲಿನ ಕರೆಂಟ್ ಕಂಬಗಳು ಉರುಳಿದವು. ದಿಬ್ಬದ ಬೀದಿಗಳ ನೀರೆಲ್ಲ ಚರಂಡಿಗೆ ಬಿದ್ದು, ಚರಂಡಿ ಹೊಂಡಕ್ಕೆ ನುಗ್ಗಿತು. ನಮ್ಮ ಹಿತ್ತಿಲ ಗೋಡೆಯಿಂದ ಎಲ್ಲ ಕಾಣುತ್ತಿತ್ತು. ಅವನು ಕಟ್ಟಿದ ಸಣ್ಣ ಬದು ಕ್ಷಣದಲ್ಲಿ ಕರಗಿತು. ಮೂರು ಹೊಂಡವೂ ಒಂದೇ ಕಪ್ಪು ನೀರಾಗಿ ದಡದ ಸುಣ್ಣದ ಕಲ್ಲುಗಳವರೆಗೆ ಏರಿತು. ಸ್ವಚ್ಛಮಾಡುವಾಗ ಒಡೆದಿದ್ದ ಗದ್ದೆಯ ಕಡೆಯ ತೂಬನ್ನು ಕಲ್ಲುಮಣ್ಣು ತುಂಬಿ ಮುಚ್ಚಿದ್ದರು. ಮರಿಸಿದ್ದಯ್ಯ ಎಷ್ಟು ಅಗೆದರೂ ಅದು ಬಿಡಲಿಲ್ಲ. ತಗ್ಗಿನ ಬೀದಿಯ ಕಡೆಯ ಬದು ಒಸರಲು ಶುರುವಾಯಿತು. ಅದರ ಕೆಳಗೆ, ಮೂವತ್ತು ಮಾರು ದೂರದಲ್ಲಿ ಮನೆಗಳು.

ಚಿಕ್ಕಣ್ಣ ಗೋಣಿಚೀಲ ತಲೆಗೆ ಹಾಕಿಕೊಂಡು ಓಡಿ ಬಂದ. "ಅಳೇ ಕಾಲುವೆ ಬಾಯಿ ತೆಗೀಲಾ ಸಿದ್ದಯ್ಯ! ಬದು ಓದ್ರೆ ಮನೆಗಳು ಓಯ್ತವೆ!"

"ಬಾವಿ ಕಣೋ!"

"ಮನೇಲಿ ಮಕ್ಳವೆ ಕಣೋ!"

ಮರಿಸಿದ್ದಯ್ಯ ಒಸರುವ ಬದುವಿಗೆ ಕೈ ಇಟ್ಟು ನೋಡಿದ. ಮತ್ತೆ ಒಮ್ಮೆ ನೋಡಿದ. ನೀರಿನ ವಿಷಯದಲ್ಲಿ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎದ್ದು ಹೋಗಿ, ಒಂದು ವರ್ಷದ ಹಿಂದೆ ತಾನೇ ಮೆತ್ತಿದ್ದ ಜೇಡಿಮಣ್ಣಿಗೆ ಗುದ್ದಲಿ ಹಾಕಿದ. ಐದಾರು ಏಟಿಗೆ ಬಾಯಿ ಬಿಟ್ಟಿತು. ಕಪ್ಪು ನೀರು ಹಳೇ ದಾರಿ ಹಿಡಿದು ಬಾವಿಯ ಪಕ್ಕದ ತಗ್ಗಿಗೆ ಇಳಿಯಿತು. ಬದು ಉಳಿಯಿತು, ಮನೆಗಳು ಉಳಿದವು.

ಬೆಳಗಾಗುವಷ್ಟರಲ್ಲಿ ಅವನು ಬಾವಿಯ ಬಾಯಿಗೆ ಜಾಲಿಮುಳ್ಳು ತಂದು ಹೊದಿಸಿ, ಪಕ್ಕದ ಕಲ್ಲಿನ ಮೇಲೆ ಕೂತಿದ್ದ. ಕೊಡ ಹಿಡಿದು ಬಂದವರನ್ನೆಲ್ಲ ವಾಪಸು ಕಳಿಸಿದ. ಕರೆಂಟಿಲ್ಲ, ಮೋಟಾರಿಲ್ಲ, ದಿಬ್ಬದ ನಲ್ಲಿಗಳೂ ಒಣಗಿದ್ದವು. ನಾಲೆಯಲ್ಲಿ ಬೇಸಿಗೆಗೆ ನೀರು ನಿಲ್ಲಿಸಿದ್ದರು. ನಮ್ಮ ಕಡೆಯವರು ಹಂಡೆಗಳಲ್ಲಿ ಹಿಡಿದಿಟ್ಟ ನೀರಿನಲ್ಲಿ ದಿನ ತಳ್ಳಿದರು. ಆಲಿಕಲ್ಲಿಗೆ ಅರ್ಧ ಊರಿನ ಹೆಂಚು ಒಡೆದಿತ್ತು; ಯಾರ ಮನೆಯ ಸೌದೆಯೂ ಒಣಗಿರಲಿಲ್ಲ. "ಕಾಯಿಸಿ ಕುಡಿಯಿರಿ" ಎಂದು ನಾನು ಮನೆಮನೆಗೆ ಹೋಗಿ ಹೇಳಿ ಬಂದೆ. ಒಬ್ಬಳು ಒಲೆಯನ್ನೇ ತೋರಿಸಿದಳು. ಅದರಲ್ಲಿ ನೀರು ನಿಂತಿತ್ತು. ನಮ್ಮ ಹಂಡೆಯಿಂದ ಏಳು ಬಿಂದಿಗೆ ಕೊಟ್ಟೆ. ಎಂಟನೆಯದಕ್ಕೆ ನಮ್ಮವರು ಹಂಡೆಯ ತಳ ನೋಡಿ, ಮಗುವಿನ ಮುಖ ನೋಡಿದರು. ನಾನು ಮುಚ್ಚಳ ಮುಚ್ಚಿದೆ.

ಮೂರನೇ ದಿನ ಸಂಜೆ ಚೂಡಿಯನ್ನು ಕಂಕುಳಲ್ಲಿ ಎತ್ತಿಕೊಂಡು ತಗ್ಗಿನ ಬೀದಿಗೆ ಹೋದೆ. ಬಾವಿಯ ಹತ್ತಿರ ಮುದುಕಿ ಬೆಟ್ಟಮ್ಮ ನಿಂತಿದ್ದಳು. ಒಬ್ಬಳೇ ಇರುವವಳು, ಬೀದಿಗೆಲ್ಲ ಅತ್ತೆ, ಕಣ್ಣು ಮಸುಕು, ಸೊಂಟ ಬಾಗಿದೆ.

"ಮುಳ್ ತಗೀಲಾ ಮರಿಸಿದ್ದ" ಎಂದಳು.

"ಬ್ಯಾಡ ಕಣತ್ತೆ. ನಿನ್ ಕಾಲ್ಗೆ ಬೀಳ್ತೀನಿ. ನಾಳೆಗೆ ಕರೆಂಟ್ ಬತ್ತದಂತೆ."

"ನೆನ್ನೇನೂ ನಾಳೆ ಅಂದೆ. ಎಲ್ರೂ ಗದ್ದೆ ಗುಂಡಿ ನೀರ ತಂದವ್ರೆ. ನಾನ್ ಓಗಕ್ಕಾದದಾ? ನಂಗೆ ನೀರ್ ಬೇಕು."

"ಈ ನೀರ್ ಕುಡ್ದೇ ಅವ್ಳು ಓಗಿದ್ದು, ಅತ್ತೆ."

"ಗೊತ್ತು ಕಣಪ್ಪ. ನಾನೇ ಅವ್ಳ ಬಾಯ್ಗೆ ನೀರ್ ಬುಟ್ಟಿದ್ದು." ಮುದುಕಿ ಕೊಡವನ್ನು ಕಟ್ಟೆಯ ಮೇಲಿಟ್ಟಳು. "ನೀರ್ಗಂಟಿ ನೀನು. ಕುಡ್ದು ಸಾಯ್ಲಾ, ಕುಡೀದೇ ಸಾಯ್ಲಾ, ಏಳು. ನೀನೇಳ್ದಂಗ್ ಮಾಡ್ತೀನಿ."

ನಾನು ಬಾಯಿ ತೆರೆದೆ. ನಮ್ಮ ಮನೆಗೆ ಬನ್ನಿ, ಒಂದು ಬಿಂದಿಗೆ ಕೊಡ್ತೀನಿ ಎನ್ನಬೇಕಿತ್ತು. ಹಂಡೆಯಲ್ಲಿ ಎಷ್ಟು ಉಳಿದಿದೆ ಎಂದು ಮನಸ್ಸು ಎಣಿಸುತ್ತಿತ್ತು. ಎಣಿಸಿ ಮುಗಿಯುವಷ್ಟರಲ್ಲಿ ಮರಿಸಿದ್ದಯ್ಯ ಎದ್ದಿದ್ದ. ಬರಿಗೈಯಲ್ಲಿ ಮುಳ್ಳನ್ನು ಒಂದು ಕಡೆಗೆ ಸರಿಸಿದ. ಬೆಟ್ಟಮ್ಮ ಹಗ್ಗಕ್ಕೆ ಕೈ ಹಾಕಿದಳು, ಅವಳ ಕೈಯಲ್ಲಿ ಬಲವಿರಲಿಲ್ಲ, ಹಗ್ಗ ಜಾರಿತು. ಅವನು ಅದನ್ನು ತೆಗೆದುಕೊಂಡು, ಬಾವಿಯ ಬಳಿಯ ಸೇದುವ ಬಿಂದಿಗೆಯನ್ನು ಕುಣಿಕೆಗೆ ಸಿಕ್ಕಿಸಿ, ತಾನೇ ಬಾವಿಗೆ ಇಳಿಬಿಟ್ಟ. ಗಡಗಡೆ ಎಣ್ಣೆ ಕಾಣದೆ ಕಿರುಗುಟ್ಟಿತು. ನೀರು ಮೇಲೆ ಬಂತು. ನೋಡಲು ತಿಳಿಯಾಗಿಯೇ ಇತ್ತು.

ಅವನು ಟವೆಲಿನ ಒಣಗಿದ ತುದಿಯನ್ನು ನಾಲ್ಕು ಮಡಿಕೆ ಮಾಡಿ ಮುದುಕಿಯ ಕೊಡದ ಬಾಯಿಗೆ ಹಿಡಿದು, ಸೋಸಿ ಸೋಸಿ ಸುರಿದ. ಸೋಸಿದರೆ ಏನೂ ಆಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕೊಡವನ್ನು ಎತ್ತಿ ಅವಳ ಸೊಂಟಕ್ಕೆ ಕೂರಿಸಿ, ಅವಳ ಬಾಗಿಲವರೆಗೂ ಹಿಂದೆಯೇ ನಡೆದುಕೊಂಡು ಹೋದ. ಅಷ್ಟು ಹೊತ್ತಿಗೆ ಬೀದಿಯ ಎರಡೂ ಕಡೆಯಿಂದ ಹೆಂಗಸರು ಕೊಡ ಹಿಡಿದು ಹೊರಗೆ ಬಂದಿದ್ದರು. ಮುಳ್ಳನ್ನು ಮತ್ತೆ ಮುಚ್ಚಲು ಯಾರೂ ಇರಲಿಲ್ಲ.